ರಷ್ಯಾದ ರೈತ ಚಿತ್ರದೊಳಗೆ ಬಂದ ಬಗೆ

ಕಣದ ಕೊಟ್ಟಿಗೆಯೊಳಗೆ ಬೆಳಕು ಸಾಲದೆಂದು ಅದರ ಗೋಡೆಯನ್ನೇ ಗರಗಸದಿಂದ ಕೊಯ್ಯಿಸಿದ ಚಿತ್ರಕಾರ ಅಲೆಕ್ಸೇಯ್ ವೆನೆತ್ಸಿಯಾನೊವ್. 1819ರಲ್ಲಿ ಪೀಟರ್ಸ್‌ಬರ್ಗಿನ ನೌಕರಿ ಬಿಟ್ಟು, ತ್ವೇರ್ ಪ್ರಾಂತದ ಸಫೋನ್ಕೊವೊದಲ್ಲಿದ್ದ ತನ್ನ ಜಮೀನಿಗೆ ಬಂದು ನೆಲೆಸಿದ. ಅಲ್ಲಿ ಬರೆದ ‘ಕಣ’ ಎಂಬ ಚಿತ್ರವನ್ನು ಚಕ್ರವರ್ತಿ ಒಂದನೇ ಅಲೆಕ್ಸಾಂಡರ್ ಕೊಂಡುಕೊಂಡ. ರಷ್ಯಾದ ರೈತರು ತಮ್ಮ ಕೆಲಸದ ಜಾಗದಲ್ಲೇ, ತಮ್ಮ ಪಾಡಿಗೆ ತಾವಿರುವಂತೆ ದೊಡ್ಡ ಚಿತ್ರವೊಂದಕ್ಕೆ ವಸ್ತುವಾದದ್ದು ಹೆಚ್ಚುಕಡಿಮೆ ಅಲ್ಲಿಂದ. ಆದರೆ ಆ ಕಣವೂ ವೆನೆತ್ಸಿಯಾನೊವ್‌ನದೇ, ಅದರಲ್ಲಿ ಕೂತ ಜೀತದಾಳುಗಳೂ ಅವನವರೇ. ಅವನ ಹೊಲಗಳಲ್ಲಿ ಹೆಂಗಸರು ಗುಲಾಬಿ ಬಣ್ಣದ ಸರಫಾನು ಎಂಬ ತೋಳಿಲ್ಲದ ನಿಲುವಂಗಿ ತೊಟ್ಟು ಬರಿಗಾಲಲ್ಲಿ ಕುದುರೆ ಹಿಡಿದು ನಡೆಯುತ್ತಾರೆ. ಬೆವರು ಮಾತ್ರ ಕಾಣುವುದಿಲ್ಲ.

ಅವನು ಒಳ್ಳೆಯ ಮೇಷ್ಟ್ರೂ ಆಗಿದ್ದ. ಜೀತದ ಮನೆಗಳಿಂದ ಬಂದ ಹುಡುಗರಿಗೂ ಚಿತ್ರಕಲೆ ಕಲಿಸಿದ. ಅವರಲ್ಲಿ ಗ್ರಿಗೋರಿ ಸೊರೋಕಾ ಎಂಬವನು ನೆರೆಯ ಜಮೀನ್ದಾರ ಮಿಲ್ಯುಕೊವ್‌ನ ಆಳು. ಅವನನ್ನು ಜೀತದಿಂದ ಬಿಡಿಸಲು ಗುರು ಪ್ರಯತ್ನಪಟ್ಟರೂ ಒಡೆಯ ಒಪ್ಪಲಿಲ್ಲ. 1861ರಲ್ಲಿ ದೇಶದಲ್ಲಿ ಜೀತವನ್ನೇ ರದ್ದುಮಾಡಿದಾಗ ಎಲ್ಲರ ಜೊತೆ ಸೊರೋಕಾನಿಗೂ ಬಿಡುಗಡೆಯಾಯಿತು. ಮುಂದೆ ಜಮೀನ್ದಾರನ ವಿರುದ್ಧದ ರೈತರ ಹೋರಾಟದಲ್ಲಿ ಸೇರಿ ಛಡಿಯೇಟಿನ ಶಿಕ್ಷೆಗೆ ಗುರಿಯಾದ ಅವನು 1864ರಲ್ಲಿ ನೇಣು ಹಾಕಿಕೊಂಡ.

1861ರ ಬಿಡುಗಡೆಯೇ ಮುಂದಿನ ಚಿತ್ರಗಳಿಗೆಲ್ಲ ಮೂಲ. ಜೀತ ಹೋಯಿತು, ಆದರೆ ಉಳುವ ನೆಲಕ್ಕೆ 49 ವರ್ಷ ಕಂತು ಕಟ್ಟಬೇಕೆಂಬ ಕರಾರು ಕುತ್ತಿಗೆಗೆ ಬಿತ್ತು. ಅದೇ ವರ್ಷ ವಸಿಲಿ ಪೆರೊವ್ ಹಳ್ಳಿಯ ಈಸ್ಟರ್ ಮೆರವಣಿಗೆಯನ್ನು ಬರೆದ: ಮೆಟ್ಟಿಲ ಮೇಲೆ ಕುಡಿದು ತೂರಾಡುವ ಪಾದ್ರಿ, ದೇವರ ಪಟವನ್ನು ತಲೆಕೆಳಗಾಗಿ ಹಿಡಿದು ಹೊರಟ ಹರಕು ಬಟ್ಟೆಯ ಮುದುಕ. ಪ್ರದರ್ಶನದಿಂದ ಅದನ್ನು ಕೆಳಗಿಳಿಸಿದರು. ಕೊಂಡವನು ಮಾಸ್ಕೋದ ಬಟ್ಟೆ ವ್ಯಾಪಾರಿ ಪಾವೆಲ್ ತ್ರೆತ್ಯಾಕೊವ್.

1863ರಲ್ಲಿ ಕಲಾ ಅಕಾಡೆಮಿ ಚಿನ್ನದ ಪದಕದ ಸ್ಪರ್ಧೆಗೆ ಕೊಟ್ಟ ವಿಷಯ, ಉತ್ತರ ಯುರೋಪಿನ ಪುರಾಣದ ವಲ್ಹಾಲಾದಲ್ಲಿ ನಡೆದ ದೇವತೆಗಳ ಔತಣ. ದೇಶವೆಲ್ಲ ಭೂಮಿಯ ಮಾತಾಡುತ್ತಿದ್ದಾಗ ಈ ಔತಣ ಯಾರಿಗೆ ಬೇಕಿತ್ತು! ಇವಾನ್ ಕ್ರಾಮ್‌ಸ್ಕೊಯ್ ಮುಂದಾಳಾಗಿ 14 ಮಂದಿ ವಿದ್ಯಾರ್ಥಿಗಳು ಅಕಾಡೆಮಿಯಿಂದ ಹೊರನಡೆದರು. 1870ರಲ್ಲಿ ಹುಟ್ಟಿದ ‘ಪೆರೆದ್ವಿಜ್ನಿಕಿ’ ಎಂಬ ಸಂಚಾರಿ ಪ್ರದರ್ಶನಗಳ ಸಂಘಕ್ಕೆ ಈ ಬಂಡಾಯವೇ ದಾರಿ ಮಾಡಿತು. ಮರುವರ್ಷದಿಂದ ಅವರ ಚಿತ್ರಗಳು ಪೀಟರ್ಸ್‌ಬರ್ಗಿನಲ್ಲಿ ತೆರೆದು ಮಾಸ್ಕೋ, ಕೀವ್, ಖಾರ್ಕೊವ್ ಕಡೆಗೆ ಹೊರಟವು.

ಈ ಸಂಘದವರ ಚಿತ್ರಗಳಲ್ಲಿ ಬಹಳ ಜನಕ್ಕೆ ಗೊತ್ತಿರುವುದು ಇಲ್ಯಾ ರೇಪಿನ್ ಬರೆದ, ವೋಲ್ಗಾ ನದಿಯಲ್ಲಿ ಸರಕು ದೋಣಿ ಎಳೆಯುವ ಹನ್ನೊಂದು ಕೂಲಿಗಳ ಚಿತ್ರ (1873). ಎಲ್ಲರ ಮುಂದೆ ಎದೆಗೆ ಪಟ್ಟಿ ಬಿಗಿದು ನಡೆಯುವವನು ಕಾನಿನ್, ಒಂದು ಕಾಲದ ಪಾದ್ರಿ. ಅದನ್ನು 3,000 ರೂಬಲಿಗೆ ಕೊಂಡ ರಾಜಮನೆತನದ ವ್ಲಾದಿಮಿರ್ ಅಲೆಕ್ಸಾಂದ್ರೊವಿಚ್ ಬಿಲಿಯರ್ಡ್ಸ್ ಕೋಣೆಯಲ್ಲಿ ತೂಗುಹಾಕಿದ.

ನನಗೆ ಮಾತ್ರ ಇದಕ್ಕಿಂತ ಗ್ರಿಗೋರಿ ಮ್ಯಾಸೊಯೇದೊವ್‌ನ 1872ರ ಚಿತ್ರ ದೊಡ್ಡದು. ಹೆಸರು ‘ಜೆಮ್‌ಸ್ತ್ವೊ ಊಟ ಮಾಡುತ್ತಿದೆ’. ಜೆಮ್‌ಸ್ತ್ವೊ ಎಂದರೆ 1864ರಲ್ಲಿ ಬಂದ ಜಿಲ್ಲಾ ಬೋರ್ಡಿನಂಥ ಸಂಸ್ಥೆ. ಜಮೀನ್ದಾರರೂ ರೈತರೂ ಅದರಲ್ಲಿ ಚುನಾಯಿತ ಸದಸ್ಯರು. ಮಧ್ಯಾಹ್ನದ ಹೊತ್ತು. ಕಚೇರಿಯ ಹೊರಗೆ, ಗೋಡೆಯ ಮಗ್ಗುಲಲ್ಲಿ ರೈತ ಸದಸ್ಯರು ಬುತ್ತಿಯ ರೊಟ್ಟಿ ಮುರಿದು ಉಪ್ಪು ಹಚ್ಚಿಕೊಂಡು ತಿನ್ನುತ್ತಿದ್ದಾರೆ. ಅವರ ತಲೆಯ ಮೇಲಿನ ತೆರೆದ ಕಿಟಕಿಯಲ್ಲಿ ಆಳೊಬ್ಬ ತಟ್ಟೆ ಒರೆಸುತ್ತಿದ್ದಾನೆ, ಪಕ್ಕದಲ್ಲಿ ಬಾಟಲಿಗಳು. ಒಳಗೆ ಉಣ್ಣುವವರನ್ನು ತೋರಿಸುವ ಗೋಜಿಗೇ ಚಿತ್ರಕಾರ ಹೋಗಿಲ್ಲ. ಕಾನೂನು ಕೊಟ್ಟ ಸಮಾನತೆ ಎಲ್ಲಿಗೆ ಬಂದು ನಿಂತಿತೆಂಬುದಕ್ಕೆ ಆ ಒಂದು ಕಿಟಕಿ ಸಾಕು.

ಇವರಲ್ಲಿ ಹೆಚ್ಚಿನವರು ಹಳ್ಳಿಯನ್ನು ಹೊರಗಿನಿಂದ ಕಂಡವರು. ವಸಿಲಿ ಮಕ್ಸಿಮೊವ್ ಹಾಗಲ್ಲ, ಅವನು ರೈತರ ಮನೆಯಲ್ಲೇ ಹುಟ್ಟಿದವನು. 1876ರ ‘ಮನೆ ಪಾಲು’ ಚಿತ್ರದಲ್ಲಿ ಅಣ್ಣತಮ್ಮಂದಿರು ಬೇರೆಯಾಗುತ್ತಿದ್ದಾರೆ. ಊರ ಹಿರಿಯರು ಕೂತು ಪಾಲು ಮಾಡುತ್ತಿದ್ದಾರೆ. ಇಲ್ಲಿ ಶೋಷಿಸುವ ಒಡೆಯನಿಲ್ಲ, ಕುಡುಕ ಪಾದ್ರಿಯಿಲ್ಲ. ಪಾತ್ರೆ ಬಟ್ಟೆಗಳ ಮೇಲೆ ಕಣ್ಣಿಟ್ಟ ಮನೆಯವರೇ ಇದ್ದಾರೆ. ರೈತನ ಬಗ್ಗೆ ಮರುಕಪಡುವ ಚಿತ್ರಕಾರನಿಗೆ ಅವನ ಲೆಕ್ಕಾಚಾರ, ಹೊಟ್ಟೆಕಿಚ್ಚು ಕಾಣುವುದು ಕಷ್ಟ. ಮಕ್ಸಿಮೊವ್‌ಗೆ ಅವು ಬಾಲ್ಯದಿಂದ ಗೊತ್ತು.

ಕ್ರಾಮ್‌ಸ್ಕೊಯ್ 1882ರಲ್ಲಿ ಮುದುಕ ರೈತನೊಬ್ಬನ ಭಾವಚಿತ್ರ ಬರೆದು, ‘ರೈತ’ ಎಂದಷ್ಟೇ ಬಿಡದೆ ಮೀನಾ ಮೊಯಿಸೇಯೆವ್ ಎಂದು ಅವನ ಹೆಸರನ್ನೇ ಇಟ್ಟ. ಜಮೀನ್ದಾರರಿಗೂ ದಂಡನಾಯಕರಿಗೂ ಸಲ್ಲುತ್ತಿದ್ದ ಮರ್ಯಾದೆ ಅದು. ಇಷ್ಟಾದರೂ ಈ ಚಿತ್ರಗಳ ಪೈಕಿ ಒಂದೂ ರೈತನ ಗೋಡೆಗೆ ಹೋಗಲಿಲ್ಲ. ತ್ರೆತ್ಯಾಕೊವ್ 1892ರಲ್ಲಿ ತನ್ನ ಸಂಗ್ರಹವನ್ನೆಲ್ಲ ಮಾಸ್ಕೋ ನಗರಕ್ಕೆ ಕೊಟ್ಟ ಮೇಲೆ ಅವುಗಳಲ್ಲಿ ಅವನು ಕೊಂಡಿದ್ದವು ಕೊನೇಪಕ್ಷ ಊರಿನ ಸೊತ್ತಾದವು.

1917ರ ಕ್ರಾಂತಿಯ ನಂತರ ಕೊಳ್ಳುವವರು ಬದಲಾದರು. 1930ರ ದಶಕದಲ್ಲಿ ಸಮಾಜವಾದಿ ವಾಸ್ತವವಾದ, ಅಂದರೆ ಕಲೆ ಸಮಾಜವಾದದ ಬದುಕನ್ನು ನಿಜವೆನಿಸುವಂತೆ, ಮೆಚ್ಚುವಂತೆ ತೋರಿಸಬೇಕೆಂಬುದು, ಸರ್ಕಾರಿ ನೀತಿಯಾದಾಗ ಅನುಸರಿಸಬೇಕಾದ ಮಾದರಿಯೆಂದು ಎತ್ತಿ ತೋರಿಸಿದ್ದು ಇದೇ ಪೆರೆದ್ವಿಜ್ನಿಕಿಗಳನ್ನು. ಅಕಾಡೆಮಿಯ ಅಪ್ಪಣೆ ಒಲ್ಲೆನೆಂದವರ ಶೈಲಿಯೇ ಈಗ ಅಪ್ಪಣೆ! ಅವರ ಟೀಕೆಯನ್ನು ಮಾತ್ರ ಯಾರೂ ಮುಂದುವರಿಸುವಂತಿರಲಿಲ್ಲ. ಸಾಮೂಹಿಕ ಬೇಸಾಯದ ಬಲವಂತವೂ 1932–33ರ ಭೀಕರ ಕ್ಷಾಮವೂ ಕಳೆದು ನಾಲ್ಕೇ ವರ್ಷಕ್ಕೆ, 1937ರಲ್ಲಿ, ಅರ್ಕಾದಿ ಪ್ಲಾಸ್ತೊವ್ ಕೊಲ್ಹೋಜಿನ, ಅಂದರೆ ಸಾಮೂಹಿಕ ಬೇಸಾಯದ ಜಮೀನಿನ, ಹಬ್ಬವನ್ನು ಬರೆದ. ಊಟದ ಮೇಜು ತುಂಬಿ ತುಳುಕುತ್ತದೆ, ಮೇಲೆ ಸ್ಟಾಲಿನ್ ಪಟ.

ಆದರೆ ಪ್ಲಾಸ್ತೊವ್ ಹಳ್ಳಿ ಬಿಟ್ಟು ಬಂದವನಲ್ಲ. ತಾನು ಹುಟ್ಟಿದ ಪ್ರಿಸ್ಲೊನಿಖಾದ ಜನರನ್ನೇ ಮತ್ತೆ ಮತ್ತೆ ಬರೆದವನು. ಯುದ್ಧ ಮುಗಿದ 1945ರಲ್ಲಿ ಅವನು ಬರೆದ ‘ಹುಲ್ಲು ಕೊಯ್ಲು’ ಮೊದಲ ನೋಟಕ್ಕೆ ಹಬ್ಬದಂತೆಯೇ ಇದೆ: ಹೂ ಬಿಟ್ಟ ಹುಲ್ಲುಗಾವಲು, ಬಿಳಿ ತೊಗಟೆಯ ಬರ್ಚ್ ಮರಗಳು. ಕುಡುಗೋಲು ಬೀಸುವವರು ಒಬ್ಬ ಹುಡುಗ, ಒಬ್ಬ ಹೆಂಗಸು, ಇಬ್ಬರು ವಯಸ್ಸಾದವರು. ದುಡಿಯುವ ವಯಸ್ಸಿನ ಗಂಡಸು ಒಬ್ಬನೂ ಇಲ್ಲ. ಸರ್ಕಾರ ಅದಕ್ಕೆ ಸ್ಟಾಲಿನ್ ಪ್ರಶಸ್ತಿ ಕೊಟ್ಟಿತು.