ದಣಪೆ ದಾಟಿದರೂ ಬೇಲಿ ಬೇಲಿಯೇ

ಕೊಪ್ಪದವರ ಲೆಕ್ಕದಲ್ಲಿ ಕಡೂರಿನವರು 'ಬಯಲುಸೀಮೆಯೋರು'. ಅದೇ ಇಬ್ಬರು ಬೆಂಗಳೂರಿನ ಪಿಜಿಯಲ್ಲಿ ಸಿಕ್ಕರೆ 'ಓ, ನಮ್ಮ ಚಿಕ್ಕಮಗಳೂರಿನೋರು!' ದೆಹಲಿಯ ರೈಲಿನಲ್ಲಿ ಸಿಕ್ಕರೆ ಬರೀ ಕನ್ನಡದವರು. ಊರಿಗೊಂದು ಗುರುತು, ಮೈಯೊಳಗಿನ ರಕ್ತ ಮಾತ್ರ ಅದೇ. ಇಷ್ಟಾದರೂ 'ಅದೆಲ್ಲ ರಕ್ತದಲ್ಲೇ ಬಂದಿರುತ್ತೆ ಸ್ವಾಮಿ' ಎನ್ನುವವರಿಗೆ ಬರವಿಲ್ಲ. ಈಚೆಗೆ ರಕ್ತದ ಜಾಗದಲ್ಲಿ ಡಿಎನ್‌ಎ ಬಂದು ಕೂತಿದೆ, ರಾಗ ಹಳೆಯದೇ.

ನಾರ್ವೆಯ ಮಾನವಶಾಸ್ತ್ರಜ್ಞ ಫ್ರೆಡ್ರಿಕ್ ಬಾರ್ತ್ 1969ರಲ್ಲಿ ಈ ರಾಗವನ್ನು ತುಂಡರಿಸಿದ. ಒಂದು ಜನಾಂಗದ ಉಡುಗೆ, ಊಟ, ದೇವರುಗಳ ಪಟ್ಟಿ ಮಾಡುತ್ತ ಕೂರಬೇಡಿ, ಆ ಜನ ಬೇಲಿ ಎಲ್ಲಿ ಹಾಕಿಕೊಳ್ಳುತ್ತಾರೆ ನೋಡಿ ಎಂಬುದು ಅವನ ವಾದದ ತಿರುಳು. ನಮ್ಮ ಕಾಫಿ ತೋಟಗಳನ್ನೇ ನೋಡಿ. ಕಾಂಡಕೊರಕ ಹುಳುವಿನ ಕಾಟಕ್ಕೆ ಎಷ್ಟೋ ಜನ ಅರೇಬಿಕಾ ಕಿತ್ತು ರೊಬಸ್ಟಾ ನೆಟ್ಟರು. ಒಳಗಿನ ಗಿಡವೆಲ್ಲ ಬದಲಾಯಿತು, ತೋಟ ಮಾತ್ರ ಅದೇ ತೋಟ, ಏಕೆಂದರೆ ಬೇಲಿ ಕದಲಲಿಲ್ಲ. ಬೇಲಿಗೊಂದು ದಣಪೆಯೂ, ಅಂದರೆ ದಾಟುವ ಕಂಡಿಯೂ ಇರುತ್ತದೆ. ಆಳುಕಾಳು, ನೆಂಟರು, ಕೆಲವೊಮ್ಮೆ ಪಕ್ಕದ ಮನೆಯ ದನ, ಎಲ್ಲ ದಾಟುತ್ತವೆ. ದಾಟಿದರೆಂದು ಬೇಲಿ ಬೀಳುವುದಿಲ್ಲ. ಕಬಡ್ಡಿಯ ನಡುಗೆರೆಯೂ ಹಾಗೆಯೇ: ಅರೆನಿಮಿಷಕ್ಕೊಬ್ಬ ಅದನ್ನು ದಾಟುತ್ತಾನೆ, ದಾಟುವುದರಿಂದಲೇ ಗೆರೆಗೊಂದು ಅರ್ಥ. ಅತ್ತಿತ್ತ ಯಾರೂ ಹೋಗದ ಕಡೆ ಗೆರೆ ಯಾರಿಗೆ ಬೇಕು?

ಬಾರ್ತ್ ಸಂಪಾದಿಸಿದ ಪುಸ್ತಕದಲ್ಲೇ ಸುಡಾನಿನ ಡಾರ್ಫರ್‌ನ ಒಂದು ಉದಾಹರಣೆಯಿದೆ. ಅಲ್ಲಿ ಫುರ್ ಎಂಬ ಬೇಸಾಯಗಾರರು, ಬಗ್ಗಾರ ಎಂಬ ಅರಬ್ಬಿ ದನಗಾಹಿಗಳು. ಫುರ್ ರೈತನ ದನ ಹೆಚ್ಚಿ, ಮೇವು ಅರಸಿ ಅಲೆಯತೊಡಗಿದನೆಂದರೆ ಕ್ರಮೇಣ ಅವನ ಸಂಸಾರ ಬಗ್ಗಾರರ ಲೆಕ್ಕಕ್ಕೆ ಸೇರುತ್ತಿತ್ತು. ದನ ಹೆಚ್ಚಾಗಿದ್ದಕ್ಕೆ ಜನಾಂಗವೇ ಬದಲು! ರಕ್ತವಾದಿಗಳು ಇದಕ್ಕೇನೆನ್ನುತ್ತಾರೋ.

ಹಾಗೆಂದು ಗುರುತೇ ಸುಳ್ಳೆಂದಲ್ಲ, ಬೇಲಿಯ ಮುಳ್ಳು ಚುಚ್ಚುತ್ತದೆ. ಯಾವ ಬೇಲಿಗೆ ಯಾವಾಗ ಮುಳ್ಳು ಕಟ್ಟುತ್ತಾರೆ ಎನ್ನುವಲ್ಲಿ ರಾಜಕೀಯ ಶುರು. ಆಫ್ರಿಕಾದ ಚೇವಾ ಮತ್ತು ತುಂಬುಕಾ ಜನರ ನೆಲವನ್ನು ಸೀಳಿಕೊಂಡು ಬ್ರಿಟಿಷರ ಕಾಲದ ಗಡಿಯೊಂದು ಹಾದುಹೋಗಿದೆ. ಗಡಿಯ ಎರಡೂ ಕಡೆ ಅವೇ ಎರಡು ಜನಾಂಗ, ಅವೇ ಭಾಷೆಗಳು. ರಾಜ್ಯಶಾಸ್ತ್ರಜ್ಞ ಡೇನಿಯಲ್ ಪೋಸ್ನರ್ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಮಲಾವಿಯಲ್ಲಿ ಅವರು ಎದುರಾಳಿಗಳು, ಜಾಂಬಿಯಾದಲ್ಲಿ ಮಿತ್ರರು. ಕಾರಣ ತಲೆ ಎಣಿಕೆ. ಮಲಾವಿಯಲ್ಲಿ ಎರಡೂ ಗುಂಪು ದೊಡ್ಡವು, ಅವುಗಳ ಹೆಸರಿನಲ್ಲೇ ರಾಜಕೀಯ ಕಟ್ಟಬಹುದು. ಜಾಂಬಿಯಾದಲ್ಲಿ ಎರಡೂ ಸಣ್ಣವು. ಹಾಗಾಗಿ ಇಬ್ಬರೂ ಸೇರಿ 'ಪೂರ್ವದವರು' ಆದರು. ಚುನಾವಣೆ ಹತ್ತಿರವಾದಾಗ ಹಾಸನದ ಹೋಟೆಲುಗಳಲ್ಲಿ ಕಾಫಿ ಆರುವಷ್ಟರಲ್ಲಿ ಮುಗಿಯುವ ಲೆಕ್ಕವೂ ಇದೇ ಜಾತಿಯದು.

ಹಾಸನವೆಂದಾಗ ಶ್ರವಣಬೆಳಗೊಳದ 1368ರ ಶಾಸನದ ಮಾತು ಎತ್ತದೆ ಇರಲಾರೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ. ದೂರು ವಿಜಯನಗರದ ಬುಕ್ಕರಾಯನವರೆಗೆ ಹೋಯಿತು. ಆತ ತೀರ್ಪಿನಲ್ಲಿ ಹೆಸರಿಸಿ ಜೈನರಿಗೆ ಉಳಿಸಿಕೊಟ್ಟಿದ್ದೇನು? ಪಂಚಮಹಾವಾದ್ಯ ಮತ್ತು ಕಳಶ. ಆತ್ಮ, ಮೋಕ್ಷಗಳ ತರ್ಕವಲ್ಲ, ಎದುರಿನವರ ಕಣ್ಣಿಗೆ, ಕಿವಿಗೆ ಬೀಳುವ ಬೇಲಿಗೂಟಗಳು. ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ ರಾಜ, ಇಬ್ಬರನ್ನೂ ಒಂದು ಮಾಡುವ ಗೋಜಿಗೆ ಹೋಗಲಿಲ್ಲ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ (ಹಣ ಎಂದರೆ ಆಗಿನ ನಾಣ್ಯ) ಎತ್ತಬೇಕು. ಆ ದುಡ್ಡಿನಲ್ಲಿ ತಿರುಮಲೆಯ ತಾತಯ್ಯ, ಅವರೋ ವೈಷ್ಣವರು, ಗೊಮ್ಮಟನ ಕಾವಲಿಗೆ 20 ಆಳುಗಳನ್ನಿಡಬೇಕು. ಮಿಕ್ಕಿದ್ದರಲ್ಲಿ ಹಾಳಾದ ಬಸದಿಗಳಿಗೆ ಸುಣ್ಣ.