ಮೊದಲು ಬೆಲೆ, ಆಮೇಲೆ ಲಸಿಕೆ: ಆಫ್ರಿಕಾದ ಮೆನಿಂಜೈಟಿಸ್ ಸಂಶೋಧನೆ ನಡೆದುಬಂದ ದಾರಿ

ಮೆನಿಂಜೈಟಿಸ್, ಅಂದರೆ ಮಿದುಳಿನ ಪೊರೆಯ ಉರಿಯೂತ, ತರುವ ಮೆನಿಂಗೊಕಾಕಸ್ ಬ್ಯಾಕ್ಟೀರಿಯಾದ ಐದು ಗುಂಪುಗಳಿಂದ ಒಂದೇ ಚುಚ್ಚುಮದ್ದಿನಲ್ಲಿ ರಕ್ಷಣೆ ಕೊಡುವ ಲಸಿಕೆಯನ್ನು ಜಗತ್ತಿನಲ್ಲೇ ಮೊದಲಿಗೆ ಬಳಕೆಗೆ ತಂದ ದೇಶ ನೈಜೀರಿಯಾ. ಅದು 2024ರ ಮಾತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್‌ನಲ್ಲಿ ತಯಾರಾಗಿ ಮಾಲಿ ಮತ್ತು ಗ್ಯಾಂಬಿಯಾಗಳಲ್ಲಿ ಪರೀಕ್ಷೆಗೊಳಪಟ್ಟ ಈ ಲಸಿಕೆ ಮೊದಲು ನೈಜೀರಿಯಾಕ್ಕೆ ತಲುಪಿದ್ದರಲ್ಲಿ ವಿಚಿತ್ರವಾದ ಒಂದು ಔಚಿತ್ಯವಿದೆ. ಅದೇ ನೈಜೀರಿಯಾದ ಕಾನೊ ನಗರದಲ್ಲಿ, ಅದೇ ಕಾಯಿಲೆಯ ಹೆಸರಿನಲ್ಲಿ, ಮೂರು ದಶಕಗಳ ಹಿಂದೆ ನಡೆದ ಔಷಧ ಪ್ರಯೋಗವೊಂದು ಇಡೀ ಪ್ರದೇಶದ ಜನರಲ್ಲಿ ವೈದ್ಯಕೀಯ ಸಂಶೋಧನೆಯ ಬಗೆಗಿದ್ದ ನಂಬಿಕೆಯನ್ನೇ ಅಲುಗಾಡಿಸಿತ್ತು.

ಪಶ್ಚಿಮದ ಸೆನೆಗಲ್‌ನಿಂದ ಪೂರ್ವದ ಇಥಿಯೋಪಿಯಾದವರೆಗೆ, ಸಹಾರಾ ಮರುಭೂಮಿಯ ದಕ್ಷಿಣದ ಅಂಚಿಗೆ ಹಬ್ಬಿರುವ ಭೂಭಾಗವನ್ನು ಫ್ರೆಂಚ್ ವೈದ್ಯ ಲಾಪೆಸೋನಿ 1963ರಲ್ಲಿ ‘ಮೆನಿಂಜೈಟಿಸ್ ವಲಯ’ ಎಂದು ಗುರುತಿಸಿದ. ಇಂದಿನ ಲೆಕ್ಕದಲ್ಲಿ 26 ದೇಶಗಳು ಇದರೊಳಗೆ ಬರುತ್ತವೆ. ಡಿಸೆಂಬರ್‌ನಿಂದ ಜೂನ್‌ವರೆಗಿನ ಒಣ ತಿಂಗಳುಗಳಲ್ಲಿ ಹರ್ಮಟಾನ್ ಗಾಳಿ ಮರುಭೂಮಿಯ ದೂಳನ್ನು ಹೊತ್ತು ತರುತ್ತದೆ. ಮೂಗು ಮತ್ತು ಗಂಟಲಿನ ಒಳಪದರ ಒಣಗಿ ಬಿರುಕು ಬಿಡುತ್ತದೆ. ರಾತ್ರಿಯ ಚಳಿಗೆ ಜನ ಒಂದೇ ಕೋಣೆಯಲ್ಲಿ ಒತ್ತಾಗಿ ಮಲಗುತ್ತಾರೆ. ಗಂಟಲಲ್ಲಿ ಸುಮ್ಮನೆ ಕುಳಿತಿದ್ದ ಬ್ಯಾಕ್ಟೀರಿಯಾ ರಕ್ತಕ್ಕೂ ಮಿದುಳಿನ ಪೊರೆಗೂ ನುಗ್ಗುವುದು ಇಂಥ ದಿನಗಳಲ್ಲೇ ಹೆಚ್ಚು. ಮೊದಲ ಮಳೆ ಬಿದ್ದೊಡನೆ ಪಿಡುಗು ತಾನಾಗಿ ಇಳಿಯುತ್ತದೆ. ಚಿಕಿತ್ಸೆ ಸಿಕ್ಕರೂ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಬದುಕುಳಿದವರಲ್ಲಿ ಅನೇಕರು ಕಿವುಡಾಗುತ್ತಾರೆ.

ಕಾನೊ ಪ್ರಯೋಗದ ಕಾಲದಲ್ಲಿ ಲಸಿಕೆ ಇರಲಿಲ್ಲವೆಂದಲ್ಲ. ಬ್ಯಾಕ್ಟೀರಿಯಾದ ಹೊರಕವಚದ ಸಕ್ಕರೆಯ ಅಣುಗಳಿಂದ ಮಾಡಿದ ಪಾಲಿಸ್ಯಾಕರೈಡ್ ಲಸಿಕೆ ಹಲವು ದಶಕಗಳಿಂದ ಬಳಕೆಯಲ್ಲಿತ್ತು. ಆದರೆ ಅದು ಎರಡು ವರ್ಷದೊಳಗಿನ ಮಕ್ಕಳಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ, ಅದರ ರಕ್ಷಣೆ ಕೆಲವೇ ವರ್ಷಗಳಲ್ಲಿ ಕುಂದುತ್ತಿತ್ತು, ಗಂಟಲಲ್ಲಿ ನೆಲೆಸಿದ ಬ್ಯಾಕ್ಟೀರಿಯಾವನ್ನು ತೊಲಗಿಸುವ ಶಕ್ತಿಯೂ ಅದಕ್ಕಿರಲಿಲ್ಲ. ಹೀಗಾಗಿ ಪಿಡುಗು ಶುರುವಾದ ಮೇಲೆ ಲಸಿಕೆ ತರಿಸಿ ಹಾಕುವುದೇ ಪದ್ಧತಿಯಾಗಿತ್ತು. ಬಹಳ ಸಲ ಲಸಿಕೆ ಬರುವಷ್ಟರಲ್ಲಿ ಮಳೆಗಾಲವೇ ಹತ್ತಿರವಾಗಿರುತ್ತಿತ್ತು.

ಈ ಏರ್ಪಾಡಿನ ಪೊಳ್ಳುತನ ಬಯಲಾದದ್ದು 1996–97ರಲ್ಲಿ. ವಲಯದಾದ್ಯಂತ ಸುಮಾರು 2.5 ಲಕ್ಷ ಮಂದಿಗೆ ಕಾಯಿಲೆ ತಗುಲಿ, 25 ಸಾವಿರ ಮಂದಿ ಸತ್ತರು. ಕಾನೊದ ಸಾಂಕ್ರಾಮಿಕ ರೋಗಗಳ ಆಸ್ಪತ್ರೆ ತುಂಬಿ ತುಳುಕುತ್ತಿದ್ದಾಗ ಫೈಜರ್ ಕಂಪನಿಯ ತಂಡ ಅಲ್ಲಿಗೆ ಬಂದು, ಟ್ರೋವನ್ ಎಂಬ ತನ್ನ ಹೊಸ ಪ್ರತಿಜೀವಕವನ್ನು ಸುಮಾರು 200 ಮಕ್ಕಳ ಮೇಲೆ ಪರೀಕ್ಷಿಸಿತು: ಅರ್ಧದಷ್ಟು ಮಕ್ಕಳಿಗೆ ಟ್ರೋವನ್, ಉಳಿದರ್ಧಕ್ಕೆ ಬಳಕೆಯಲ್ಲಿದ್ದ ಸೆಫ್ಟ್ರಿಯಾಕ್ಸೋನ್. ಒಟ್ಟು 11 ಮಕ್ಕಳು ಸತ್ತರು, ಮೊದಲ ಗುಂಪಿನಲ್ಲಿ 5, ಎರಡನೆಯದರಲ್ಲಿ 6. ಸಂಖ್ಯೆಯನ್ನಷ್ಟೇ ನೋಡಿದರೆ ಹೊಸ ಔಷಧವೇ ಕೊಂದಿತೆಂದು ಹೇಳಲಾಗದು. ವಿವಾದದ ತಿರುಳು ಬೇರೆ. ನಡೆಯುತ್ತಿರುವುದು ಪ್ರಯೋಗವೆಂದು ತಮಗೆ ಯಾರೂ ತಿಳಿಸಿರಲಿಲ್ಲ ಎಂದು ಹೆತ್ತವರು ದೂರಿದರು. ಒಪ್ಪಿಗೆ ಪಡೆದೇ ಮುಂದುವರಿದೆವು ಎಂದು ಕಂಪನಿ ವಾದಿಸಿತು. ತಪ್ಪೊಪ್ಪಿಕೊಳ್ಳದೆಯೇ 2009ರಲ್ಲಿ ಅದು ಕಾನೊ ರಾಜ್ಯದೊಂದಿಗೆ 7.5 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಅಷ್ಟರಲ್ಲಿ, 2003ರಲ್ಲಿ ಕಾನೊ ಪೋಲಿಯೊ ಲಸಿಕೆಯನ್ನು ಬಹಿಷ್ಕರಿಸಿತ್ತು. ಆ ಬಹಿಷ್ಕಾರಕ್ಕೆ ಹಲವು ಕಾರಣಗಳಿದ್ದರೂ ಟ್ರೋವನ್ ನೆನಪು ಅವುಗಳಲ್ಲೊಂದು ಎಂಬುದನ್ನು ಅಲ್ಲಗಳೆಯುವುದು ಕಷ್ಟ.

ಅದೇ ಪಿಡುಗು ಇನ್ನೊಂದು ಬಗೆಯ ಸಂಶೋಧನೆಗೂ ಕಾರಣವಾಯಿತು. 2001ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಜಾಗತಿಕ ಆರೋಗ್ಯಕ್ಕಾಗಿ ದುಡಿಯುವ ಲಾಭರಹಿತ ಪಾತ್ ಸಂಸ್ಥೆ ಕೂಡಿ, ಗೇಟ್ಸ್ ಪ್ರತಿಷ್ಠಾನದ 7 ಕೋಟಿ ಡಾಲರ್ ನೆರವಿನಿಂದ ಮೆನಿಂಜೈಟಿಸ್ ಲಸಿಕಾ ಯೋಜನೆಯನ್ನು ಆರಂಭಿಸಿದವು. ಅದರ ನಿರ್ದೇಶಕ ಮಾರ್ಕ್ ಲಾಫೋರ್ಸ್ ಆಫ್ರಿಕಾದ ಆರೋಗ್ಯಾಧಿಕಾರಿಗಳನ್ನು ಕಂಡು ಮಾತಾಡಿದಾಗ, ಅವರು ಎಲ್ಲಕ್ಕಿಂತ ಒತ್ತಿ ಹೇಳಿದ್ದು ಬೆಲೆಯ ವಿಷಯವನ್ನು: ಒಂದು ಡೋಸ್‌ಗೆ 50 ಸೆಂಟ್ ದಾಟಬಾರದು. ಪ್ರಯೋಗಾಲಯದಲ್ಲಿ ಇನ್ನೂ ಹುಟ್ಟದ ಲಸಿಕೆಗೆ ಕೊಳ್ಳುವವರೇ ಬೆಲೆ ಕಟ್ಟಿದ್ದರು. ಇಡೀ ಕಥೆಯ ತಿರುವು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಮುಂದಿನ ತಾಂತ್ರಿಕ ತೀರ್ಮಾನಗಳೆಲ್ಲ ಈ ಮಿತಿಯೊಳಗೇ ಆದವು.

ದೊಡ್ಡ ಕಂಪನಿಗಳು ಆ ಬೆಲೆಗೆ ಆಸಕ್ತಿ ತೋರಲಿಲ್ಲ. ಸೀರಮ್ ಇನ್‌ಸ್ಟಿಟ್ಯೂಟ್ ಸುಮಾರು 40 ಸೆಂಟ್‌ಗೆ ಒಪ್ಪಿತು. ಅದರ ಬಳಿ ಧನುರ್ವಾಯು ಲಸಿಕೆಯ ಪ್ರೋಟೀನ್ ಹೇರಳವಾಗಿತ್ತು. ವಲಯದ ದೊಡ್ಡ ಪಿಡುಗುಗಳ ಹಿಂದಿದ್ದ ‘ಎ’ ಗುಂಪಿನ ಬ್ಯಾಕ್ಟೀರಿಯಾದ ಸಕ್ಕರೆಯ ಸರಪಳಿ ನೆದರ್ಲೆಂಡ್ಸ್‌ನಿಂದ ಬಂತು. ಎರಡನ್ನೂ ಬೆಸೆಯುವ ವಿಧಾನವನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ವಿಜ್ಞಾನಿಗಳು ಕಲಿಸಿಕೊಟ್ಟರು. ಹೀಗೆ ಪ್ರೋಟೀನ್‌ಗೆ ಬೆಸೆದ ಸಕ್ಕರೆಯನ್ನು ಎಳೆಯ ಮಗುವಿನ ರೋಗನಿರೋಧಕ ವ್ಯವಸ್ಥೆಯೂ ಗುರುತಿಸಿ ನೆನಪಿಟ್ಟುಕೊಳ್ಳುತ್ತದೆ. ಮೊದಲ ಹಂತದ ಪರೀಕ್ಷೆ 2005ರಲ್ಲಿ ಭಾರತದಲ್ಲೇ ನಡೆಯಿತು. ಮರುವರ್ಷ ಮಾಲಿಯ ಬಮಾಕೊ ಮತ್ತು ಗ್ಯಾಂಬಿಯಾದ ಬಾಸೆಯಲ್ಲಿ ಪುಟ್ಟ ಮಕ್ಕಳ ಮೇಲಿನ ಪರೀಕ್ಷೆ ಆರಂಭವಾಯಿತು. ಈ ಬಾರಿ ಪಿಡುಗಿನ ಗಡಿಬಿಡಿ ಇರಲಿಲ್ಲ, ಪರೀಕ್ಷೆ ನಡೆಸಿದ್ದು ಆಯಾ ದೇಶದಲ್ಲೇ ನೆಲೆಯೂರಿದ್ದ ಸಂಶೋಧನಾ ಕೇಂದ್ರಗಳು.

ಮೆನ್‌ಆಫ್ರಿವ್ಯಾಕ್ ಎಂದು ಹೆಸರಾದ ಆ ಲಸಿಕೆ 2010ರ ಡಿಸೆಂಬರ್ 6ರಂದು ಬುರ್ಕಿನಾ ಫಾಸೊದಲ್ಲಿ ಬಿಡುಗಡೆಯಾಯಿತು. 1ರಿಂದ 29 ವರ್ಷದೊಳಗಿನ ಒಂದು ಕೋಟಿಗೂ ಹೆಚ್ಚು ಜನರಿಗೆ ಕೆಲವೇ ದಿನಗಳಲ್ಲಿ ಲಸಿಕೆ ಸಿಕ್ಕಿತು. ಚಾಡ್‌ನಲ್ಲಿ ನಡೆದ ಅಧ್ಯಯನ ಇನ್ನೂ ಬೆಲೆಯುಳ್ಳ ಸಾಕ್ಷ್ಯ ಒದಗಿಸಿತು. ಲಸಿಕೆ ಹಾಕಿದ ಪ್ರದೇಶಗಳಲ್ಲಿ ಮೆನಿಂಜೈಟಿಸ್ ಪ್ರಮಾಣ ಇತರ ಪ್ರದೇಶಗಳಿಗಿಂತ ಶೇ. 94ರಷ್ಟು ಕಡಿಮೆಯಿತ್ತು, ಗಂಟಲಲ್ಲಿ ‘ಎ’ ಗುಂಪಿನ ಬ್ಯಾಕ್ಟೀರಿಯಾ ಹೊತ್ತವರ ಪ್ರಮಾಣ ಶೇ. 98ರಷ್ಟು ಇಳಿದಿತ್ತು. ಅಂದರೆ ಲಸಿಕೆ ಹಾಕಿಸಿಕೊಳ್ಳದವರಿಗೂ ಸೋಂಕು ತಗಲುವ ದಾರಿ ಮುಚ್ಚುತ್ತಿತ್ತು. 2012ರಲ್ಲಿ ಬೆನಿನ್‌ನಲ್ಲಿ ಈ ಲಸಿಕೆಯನ್ನು ನಾಲ್ಕು ದಿನಗಳವರೆಗೆ, 40 ಡಿಗ್ರಿ ತಾಪ ಮೀರದಂತೆ, ಮಂಜುಗಡ್ಡೆಯಿಲ್ಲದೆ ಒಯ್ದು ಬಳಸಲಾಯಿತು. ವಿದ್ಯುತ್ತಿಲ್ಲದ ಹಳ್ಳಿಗೆ ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ನಡೆದವರಿಗಷ್ಟೇ ಈ ಅನುಕೂಲದ ಬೆಲೆ ಪೂರ್ತಿ ಗೊತ್ತು. 2017ರ ನಂತರ ವಲಯದಲ್ಲಿ ‘ಎ’ ಗುಂಪಿನ ಒಂದು ಪ್ರಕರಣವೂ ದೃಢಪಟ್ಟಿಲ್ಲ.

ಆದರೆ ಮೆನಿಂಜೈಟಿಸ್ ಹೋಗಲಿಲ್ಲ. ‘ಸಿ’ ಗುಂಪಿನ ಹೊಸ ತಳಿಯೊಂದು 2013ರಿಂದ ವಾಯವ್ಯ ನೈಜೀರಿಯಾದಲ್ಲಿ ತಲೆಯೆತ್ತಿ, 2015ರಲ್ಲಿ ನೈಜರ್ ದೇಶವನ್ನು ಹೊಕ್ಕು, 2017ರಲ್ಲಿ ನೈಜೀರಿಯಾದಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಜೀವ ತೆಗೆಯಿತು. ‘ಡಬ್ಲ್ಯು’ ಮತ್ತು ‘ಎಕ್ಸ್’ ಗುಂಪುಗಳು ಮೊದಲೇ ಅಲ್ಲಲ್ಲಿ ಪಿಡುಗು ಹುಟ್ಟಿಸಿದ್ದವು. ಶ್ರೀಮಂತ ದೇಶಗಳಲ್ಲಿ ಬಳಸುವ ನಾಲ್ಕು ಗುಂಪುಗಳ ಲಸಿಕೆ ದುಬಾರಿಯೂ ಹೌದು, ‘ಎಕ್ಸ್’ ಗುಂಪು ಅದರಲ್ಲಿ ಸೇರಿಯೂ ಇಲ್ಲ. ಆದ್ದರಿಂದ ಪಾತ್ ಮತ್ತು ಸೀರಮ್ ಇನ್‌ಸ್ಟಿಟ್ಯೂಟ್ ಬ್ರಿಟನ್ ಸರ್ಕಾರದ ನೆರವಿನಿಂದ ಎ, ಸಿ, ಡಬ್ಲ್ಯು, ವೈ, ಎಕ್ಸ್ ಐದನ್ನೂ ಒಳಗೊಂಡ ಲಸಿಕೆಯನ್ನು ರೂಪಿಸಿದವು. 2023ರ ಜುಲೈನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಪೂರ್ವಾರ್ಹತೆ, ಅಂದರೆ ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಕೊಳ್ಳಲು ಬೇಕಾದ ಮಾನ್ಯತೆ, ದೊರೆಯಿತು.

ಐದು ಸಕ್ಕರೆಗಳನ್ನು ಬೇರೆಬೇರೆಯಾಗಿ ತಯಾರಿಸಿ, ಒಂದೊಂದನ್ನೂ ಪ್ರೋಟೀನ್‌ಗೆ ಬೆಸೆಯುವ ಕೆಲಸ ಒಂದು ಸಕ್ಕರೆಯ ಲಸಿಕೆಯಷ್ಟು ಅಗ್ಗವಾಗಲಾರದು. ಹೊಸ ಲಸಿಕೆಯ ಬೆಲೆ ಮೆನ್‌ಆಫ್ರಿವ್ಯಾಕ್‌ಗಿಂತ ಹಲವು ಪಟ್ಟು ಹೆಚ್ಚಿದ್ದು, ವಲಯದ ದೇಶಗಳು ಅದನ್ನು ಕೊಳ್ಳುವುದು ಬಡ ದೇಶಗಳಿಗೆ ಲಸಿಕೆ ಒದಗಿಸುವ ಗಾವಿ ಒಕ್ಕೂಟದ ನೆರವಿನ ಮೇಲೆ ನಿಂತಿದೆ. 50 ಸೆಂಟ್‌ನ ಗೆರೆಯನ್ನು ಈ ಸಲ ಯಾರೂ ಎಳೆದಿಲ್ಲ.