ಮೊದಲ ದಿನವೇ ಚಿನ್ನ ಹಚ್ಚಿಸಬಹುದಾ?

ಓದುಗರ ಪ್ರಶ್ನೆ: ಹೊಸಬರಿಗೆ ಒಂದು ದಿನದ ಕ್ಯಾಲಿಗ್ರಫಿ ಕಾರ್ಯಾಗಾರ ನಡೆಸಿ ಅಂತ ಕೇಳುತ್ತಿದ್ದಾರೆ. ಯುರೋಪಿನ ಹಳೇ ಹಸ್ತಪ್ರತಿಗಳಲ್ಲಿ ಇರುವಂಥ ಚಿನ್ನದ ಅಕ್ಷರವನ್ನೂ ಕಲಿಸಬೇಕಂತೆ. ಒಂದೇ ದಿನದಲ್ಲಿ ಎರಡೂ ಆಗುತ್ತಾ?

ಆಗುತ್ತದೆ. ಆದರೆ ಕಲಿಸಬೇಕು ಅಂದುಕೊಂಡಿದ್ದರಲ್ಲಿ ಮುಕ್ಕಾಲು ಪಾಲು ಬಿಡಬೇಕು. ನನ್ನ ಮೊದಲ ಕಾರ್ಯಾಗಾರದಲ್ಲಿ ಇಂಗ್ಲಿಷಿನ 26 ಅಕ್ಷರವನ್ನೂ ಬರೆಸಲು ಹೊರಟಿದ್ದೆ. ಊಟದ ಹೊತ್ತಿಗೆ ನಾವಿನ್ನೂ 'ಕೆ' ದಾಟಿರಲಿಲ್ಲ. ಯಾರ ಮುಖದಲ್ಲೂ ಕಳೆ ಇರಲಿಲ್ಲ, ನನ್ನದೂ ಸೇರಿ.

ಈಗ ಎರಡೇ ಸಣ್ಣಕ್ಷರ ಕಲಿಸುತ್ತೇನೆ: 'ಓ' ಮತ್ತು 'ಎನ್'. 'ಓ' ಬಂದರೆ ಸಿ, ಇ, ಡಿ ಬಂದಂತೆ. 'ಎನ್' ಕಮಾನು ಕೈಗೆ ಹತ್ತಿದರೆ ಎಮ್, ಎಚ್, ಆರ್ ತಾವಾಗೇ ಬರುತ್ತವೆ. ದಿನದ ಕೊನೆಗೆ ಎಲ್ಲರ ಕೈಯಲ್ಲಿರುವುದು ಒಂದೇ ಪದ, 'ಮೂನ್'. ದೊಡ್ಡ 'ಎಮ್' ಚಿನ್ನದ್ದು, ಉಳಿದದ್ದು ಶಾಯಿಯದ್ದು. ನಮ್ಮ ಹೆಸರು ಬರೆಸಿ ಅಂತ ಕೇಳೇ ಕೇಳುತ್ತಾರೆ. ಮುಂದಿನ ಕ್ಲಾಸಿಗೆ ಬನ್ನಿ ಅನ್ನಿ.

ಶೈಲಿ ಯಾವುದು? ಗಾಥಿಕ್ ನೋಡಲು ಚೆಂದ, ಆದರೆ ಫೌಂಡೇಶನಲ್ ಎಂಬ ದುಂಡು ಶೈಲಿ ಹಿಡಿಯಿರಿ. ಬ್ರಿಟಿಷ್ ಕ್ಯಾಲಿಗ್ರಾಫರ್ ಎಡ್ವರ್ಡ್ ಜಾನ್‌ಸ್ಟನ್ 1899ರಲ್ಲಿ ಲಂಡನ್ನಿನ ಸೆಂಟ್ರಲ್ ಸ್ಕೂಲಿನಲ್ಲಿ ಪಾಠ ಶುರುಮಾಡಿದಾಗ ಅವರಿಗೂ ಗುರು ಇರಲಿಲ್ಲ. ವೈದ್ಯಕೀಯ ಓದು ಬಿಟ್ಟು ಬಂದವರು, ಬ್ರಿಟಿಷ್ ಮ್ಯೂಸಿಯಂನ ಹಸ್ತಪ್ರತಿ ನೋಡಿ ನೋಡಿ ಕಲಿತರು. ಹತ್ತನೇ ಶತಮಾನದ ರಾಮ್ಸಿ ಸಾಲ್ಟರ್ ಎಂಬ ಹಸ್ತಪ್ರತಿಯ ಅಕ್ಷರವನ್ನು ಆಧರಿಸಿ, ಕಲಿಯುವವರಿಗೆಂದೇ ಈ ಶೈಲಿ ರೂಪಿಸಿದರು. ಲೆಕ್ಕವೂ ಸುಲಭ. ನಿಬ್ಬಿನ ಓರೆ 30 ಡಿಗ್ರಿ, ಅಕ್ಷರದ ಎತ್ತರ ನಿಬ್ಬಿನ ಅಗಲದ ನಾಲ್ಕರಷ್ಟು. 3.8 ಮಿ.ಮೀ. ಚಪ್ಪಟೆ ನಿಬ್ಬಿನ ಪೈಲಟ್ ಪ್ಯಾರಲಲ್ ಪೆನ್ನಾದರೆ ಎತ್ತರ ಸುಮಾರು 15 ಮಿ.ಮೀ. ಆಗುತ್ತದೆ. ಗೆರೆ ಹಾಕಿದ ಹಾಳೆ ಮೊದಲೇ ಪ್ರಿಂಟ್ ಮಾಡಿಸಿಟ್ಟುಕೊಳ್ಳಿ.

ಪೆನ್ನನ್ನು ಮಾತ್ರ ಕೂಡಲೇ ಕೊಡಬೇಡಿ. ಎರಡು ಪೆನ್ಸಿಲ್ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿ ಕೊಡಿ. ದಪ್ಪ ಎಲ್ಲಿ, ಸಣ್ಣ ಎಲ್ಲಿ ಅನ್ನುವುದು ಹತ್ತೇ ನಿಮಿಷದಲ್ಲಿ ಕಣ್ಣಿಗೆ ಕಾಣುತ್ತದೆ. ಕನ್ನಡ ಬರೆಯುವವರಿಗೆ ದುಂಡು ಹೊಸದಲ್ಲ. ಆದರೆ 'ಠ' ಬರೆದ ಕೈ ಒಂದೇ ಸುತ್ತಿಗೆ ಮುಗಿಸಲು ಹೋಗುತ್ತದೆ, ಅಲ್ವಾ? ಇಲ್ಲಿ 'ಓ' ಎರಡು ಎಳೆತ. ಎಡ ಅರ್ಧ ಮೇಲಿಂದ ಕೆಳಕ್ಕೆ, ಬಲ ಅರ್ಧವೂ ಹಾಗೇ. ಚಪ್ಪಟೆ ನಿಬ್ಬನ್ನು ಮೇಲಕ್ಕೆ ನೂಕಿದರೆ ಕಾಗದಕ್ಕೆ ಸಿಕ್ಕಿ ಶಾಯಿ ಎರಚುತ್ತದೆ.

ಇನ್ನು ಚಿನ್ನ. ಹಳೇ ಕಾಲದವರು ಜಿಪ್ಸಮ್ ಪುಡಿ, ಸೀಸದ ಬಿಳಿ, ಸಕ್ಕರೆ, ಮೀನಿನ ಅಂಟು ಕಲಸಿದ ಗೆಸ್ಸೊ ಎಂಬ ಲೇಪದ ಮೇಲೆ ಚಿನ್ನ ಕೂರಿಸುತ್ತಿದ್ದರು. ಸೀಸ ವಿಷ, ಅದರ ಗೊಡವೆ ಬೇಡ. ಪಿವಿಎ ಎಂಬ ಬಿಳಿ ಅಂಟು ಸಾಕು. 'ಎಮ್'ನ ಹೊರಗೆರೆ ನೀವೇ ಬರೆದಿಟ್ಟಿರಿ. ಪದ ಬರೆದಾದ ಮೇಲೆ, ಊಟಕ್ಕೆ ಏಳುವ ಮೊದಲು ಅದರೊಳಗೆ ಅಂಟು ತುಂಬಿಸಿ. ಊಟ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತದೆ. ಕಾಗದದ ಕೊಳವೆಯಿಂದ ಅದರ ಮೇಲೆ ಬಾಯಿಯ ಬಿಸಿಯುಸಿರು ಬಿಡಬೇಕು. ಆ ತೇವಕ್ಕೆ ಅಂಟು ಮತ್ತೆ ಜಿಗುಟಾಗುತ್ತದೆ. ತಕ್ಷಣ ಚಿನ್ನದ ಹಾಳೆ ಇಟ್ಟು ಒತ್ತಬೇಕು. ಎರಡು ಸಲ ಕೈಕೊಡುತ್ತದೆ, ಮೂರನೇ ಸಲ ಅಂಟಿದಾಗ ಕ್ಲಾಸೇ ಹೋ ಅನ್ನುತ್ತದೆ.

ತೆಳು ಕಾಗದಕ್ಕೆ ಅಂಟಿಸಿ ಬರುವ ಟ್ರಾನ್ಸ್‌ಫರ್ ಲೀಫ್ ತನ್ನಿ. ಬಿಡಿ ಹಾಳೆ ಉಸಿರಿಗೇ ಹಾರುತ್ತದೆ. ನನ್ನ ಕ್ಲಾಸಿನಲ್ಲಿ ಯಾರೋ ಸೆಕೆ ಅಂತ ಫ್ಯಾನ್ ಹಾಕಿದರು, ಒಂದು ಹಾಳೆ ಚಿನ್ನ ಪಕ್ಕದವರ ಸ್ವೆಟರ್ ಸೇರಿತು! ಅಭ್ಯಾಸಕ್ಕೆ ಹಿತ್ತಾಳೆಯ ನಕಲಿ ಹಾಳೆ ಸಾಕು. ವರ್ಷ ಕಳೆದರೆ ಕಪ್ಪಾಗುತ್ತದೆ ಅಂತ ಮೊದಲೇ ಹೇಳಿಬಿಡಿ.

ಬರಹ, ಚಿನ್ನ, ಆಮೇಲೆ ಬಣ್ಣ. ಮಧ್ಯಯುಗದಲ್ಲೂ ಇದೇ ಕ್ರಮ. ಲಿಪಿಕಾರ ಮೊದಲು ಬರೆದು, ದೊಡ್ಡ ಅಕ್ಷರಕ್ಕೆ ಜಾಗ ಬಿಟ್ಟು, ಯಾವ ಅಕ್ಷರ ಅಂತ ಅಲ್ಲೇ ಸಣ್ಣದಾಗಿ ಗುರುತು ಹಾಕುತ್ತಿದ್ದ. ಮೊದಲೇ ಬಣ್ಣ ಬಳಿದರೆ ಅದರೊಳಗಿನ ಗೋಂದಿಗೂ ಚಿನ್ನ ಅಂಟಿಕೊಳ್ಳುತ್ತದೆ.

ಬಣ್ಣಕ್ಕೆ ಉಳಿಯುವುದು ಅರ್ಧ ಗಂಟೆ. ಗ್ವಾಶ್ ಎಂಬ ದಪ್ಪ ಜಲವರ್ಣದಲ್ಲಿ ಕೆಂಪು, ನೀಲಿ ಎರಡೇ ಕೊಡಿ. ಹಸಿರು ಕೇಳಿದರೂ ಕೊಡಬೇಡಿ, ಬಣ್ಣ ಕಲಸುತ್ತಾ ಕೂತರೆ ಸಂಜೆ ಆರಾದರೂ ಏಳುವುದಿಲ್ಲ.